ಕೊನೆ ಬದಲಿಸಿ ಅಂದವರು, ಫೋನ್ ಮಾಡಿದವರು

1977ರಲ್ಲಿ ಅಮೆರಿಕದಲ್ಲಿ 'ಐ ಆ್ಯಮ್ ದ ಚೀಸ್' ಎಂಬ ಕಾದಂಬರಿ ಬಂತು. ಹದಿಹರೆಯದವರಿಗೆಂದು ಅಚ್ಚಾದ ಪುಸ್ತಕ. ಅದರೊಳಗಿನ ಹುಡುಗ ಆಮಿ ಹರ್ಟ್ಸ್ ಎಂಬ ಗೆಳತಿಗೆ ಫೋನ್ ಮಾಡುತ್ತಾನೆ, ಅವಳ ನಂಬರ್ ಪುಟದಲ್ಲೇ ಇದೆ. ಓದಿದ ಮಕ್ಕಳು ಸುಮ್ಮನಿರುತ್ತಾರೆಯೇ? ಆ ನಂಬರಿಗೆ ಡಯಲ್ ಮಾಡಿ ನೋಡಿದರು. ಆ ಕಡೆ ನಿಜಕ್ಕೂ ಗಂಟೆ ಹೊಡೆಯಿತು. ಲೇಖಕ ರಾಬರ್ಟ್ ಕಾರ್ಮಿಯರ್ ತಮ್ಮ ಮನೆಯ ನಂಬರನ್ನೇ ಪುಸ್ತಕದಲ್ಲಿ ಹಾಕಿಬಿಟ್ಟಿದ್ದರು. ಆಮಿ ಇದ್ದಾಳಾ ಎಂದು ಕೇಳಿದವರ ಜೊತೆ ಅವರು ಆಮಿಯ ಅಪ್ಪನ ಹಾಗೆ ಮಾತಾಡುತ್ತಿದ್ದರು. ವರ್ಷಗಟ್ಟಲೆ ಈ ಫೋನುಗಳು ಬರುತ್ತಲೇ ಇದ್ದವು.

ಈ ಕಾರ್ಮಿಯರ್ ನಮಗೆ ಗೊತ್ತಾದದ್ದು ಆಕಸ್ಮಿಕವಾಗಿ. ನಮ್ಮ ಬಳಗದ ಒಬ್ಬರಿಗೆ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ರಾಶಿಯಲ್ಲಿ ಅವರದೇ ಇನ್ನೊಂದು ಕಾದಂಬರಿ 'ದ ಚಾಕೊಲೇಟ್ ವಾರ್' ಸಿಕ್ಕಿತು. ಹೊದಿಕೆ ನೋಡಿ ಮಕ್ಕಳ ಪುಸ್ತಕ ಎಂದುಕೊಂಡು ತಂದರು. ಅದು ಕೈಯಿಂದ ಕೈಗೆ ಹೋಗಿ ನಾಲ್ವರು ಓದಿದೆವು. ಇಬ್ಬರಿಗೆ ಬಹಳ ಹಿಡಿಸಿತು. ಒಬ್ಬರು ತಮ್ಮ ಮಗಳ ಕೈಗೆ ಇದನ್ನು ಕೊಡುವುದೇ ಇಲ್ಲ ಎಂದರು. ಇನ್ನೊಬ್ಬರಿಗೆ ಕೊನೆಯ ಮೂರು ಅಧ್ಯಾಯಗಳ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಯಾಕೆ ಹೀಗೆ ಎಂದು ಹುಡುಕುತ್ತಾ ಹೋದಾಗ ತಿಳಿದದ್ದು, ನಮ್ಮ ನಾಲ್ವರ ಜಗಳ ಐವತ್ತು ವರ್ಷದಿಂದ ನಡೆಯುತ್ತಿರುವ ಜಗಳ. ಅದರ ಬೇರು ಇನ್ನೂ ನೂರು ವರ್ಷ ಹಿಂದಕ್ಕೆ ಹೋಗುತ್ತದೆ, ಅದೂ ಅಮೆರಿಕದ ಒಂದೇ ರಾಜ್ಯದಲ್ಲಿ, ಮ್ಯಾಸಚೂಸೆಟ್ಸ್‌ನಲ್ಲಿ.

ಮೊದಲು ಕಾರ್ಮಿಯರ್ ಬಗ್ಗೆ ಎರಡು ಮಾತು. ಅವರು ನಮ್ಮ ಹಾಗೆ ಸಣ್ಣ ಊರಿನ ಪತ್ರಕರ್ತರು. ಅದಕ್ಕೇ ನಮಗೆ ಸ್ವಲ್ಪ ಪಕ್ಷಪಾತ ಇದ್ದರೂ ಇರಬಹುದು. 1925ರಲ್ಲಿ ಲೆಮಿನ್‌ಸ್ಟರ್ ಎಂಬ ಊರಲ್ಲಿ ಹುಟ್ಟಿದವರು. ಅಪ್ಪ ಬಾಚಣಿಗೆ ಕಾರ್ಖಾನೆಯ ಕಾರ್ಮಿಕ. ಕೆನಡಾದಿಂದ ವಲಸೆ ಬಂದ ಫ್ರೆಂಚ್ ಮಾತಾಡುವ ಕುಟುಂಬಗಳ ಕೇರಿಯಲ್ಲಿ ಬೆಳೆದರು. ರೇಡಿಯೋಗೆ ಜಾಹೀರಾತು ಬರೆದರು, ಆಮೇಲೆ ಪತ್ರಿಕೆಗೆ ಬಂದರು. ಪಕ್ಕದ ಊರಿನ 'ಫಿಚ್‌ಬರ್ಗ್ ಸೆಂಟಿನೆಲ್'ನಲ್ಲಿ ವರದಿಗಾರರಾಗಿ, ಸಂಪಾದಕರಾಗಿ ಎರಡು ದಶಕ ಕೆಲಸ ಮಾಡಿದರು. ಬೇರೆ ಹೆಸರಿನಲ್ಲಿ ಅಂಕಣವನ್ನೂ ಬರೆಯುತ್ತಿದ್ದರು. ಊರು ಬಿಟ್ಟು ಹೋಗಲಿಲ್ಲ, 2000ದಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ. 1960ರ ದಶಕದಲ್ಲಿ ದೊಡ್ಡವರಿಗಾಗಿ ಮೂರು ಕಾದಂಬರಿ ಬರೆದಿದ್ದರು. ವಿಮರ್ಶಕರು ಒಳ್ಳೆಯ ಮಾತಾಡಿದರು, ಆದರೆ ಅವುಗಳಿಂದ ಹೊಟ್ಟೆ ತುಂಬಲಿಲ್ಲ.

'ಚಾಕೊಲೇಟ್ ವಾರ್' ಹುಟ್ಟಿದ್ದು ಮನೆಯ ಒಂದು ಸಣ್ಣ ಸಂಗತಿಯಿಂದ. ಕಾರ್ಮಿಯರ್ ಅವರ ಹದಿಹರೆಯದ ಮಗ ಶಾಲೆಯಿಂದ ಚಾಕೊಲೇಟ್ ಡಬ್ಬಿ ಹೊತ್ತು ತಂದ. ಶಾಲೆಗೆ ಹಣ ಕೂಡಿಸಲು ಮಕ್ಕಳು ಮನೆಮನೆಗೆ ಹೋಗಿ ಮಾರಬೇಕು. ಹುಡುಗನಿಗೆ ಇಷ್ಟವಿರಲಿಲ್ಲ. ಮಾರುವುದಿಲ್ಲ ಎಂದ, ಅಪ್ಪ ಒಪ್ಪಿ ಮುಖ್ಯೋಪಾಧ್ಯಾಯರಿಗೆ ಚೀಟಿ ಬರೆದುಕೊಟ್ಟರು. ಮರುದಿನ ಡಬ್ಬಿ ವಾಪಸ್ ಹೋಯಿತು. ಏನೂ ಆಗಲಿಲ್ಲ. ಆದರೆ ಮಗನನ್ನು ಶಾಲೆಗೆ ಬಿಟ್ಟು ಬಂದ ಅಪ್ಪನ ಹೊಟ್ಟೆಯಲ್ಲಿ ಸಂಕಟ. ಸಹಪಾಠಿಗಳು ಅವನನ್ನು ಬೇರೆ ಮಾಡಿದ್ದರೆ? ಶಿಕ್ಷಕರು ಹಿಡಿದು ಕೂತಿದ್ದರೆ? ಈ 'ಆಗಿದ್ದರೆ'ಯೇ ಕಾದಂಬರಿಯಾಯಿತು.

ನಾವೆಲ್ಲ ಶಾಲೆಯಲ್ಲಿ ಕ್ಷಯರೋಗ ನಿವಾರಣೆಯ ಸ್ಟಾಂಪು, ಧ್ವಜ ದಿನದ ಚೀಟಿ ಮಾರಿದವರು. ಮಾರದೆ ಉಳಿದದ್ದಕ್ಕೆ ಅಪ್ಪನ ಜೇಬಿನಿಂದ ಹಣ ತಂದು ಕಟ್ಟಿದವರು. ಬೇಡ ಎಂದವರು ನಮ್ಮಲ್ಲಿ ಒಬ್ಬರೂ ಇಲ್ಲ. ಬೇಡ ಎನ್ನಬಹುದು ಎಂಬುದೇ ತಲೆಗೆ ಹೊಳೆದಿರಲಿಲ್ಲ. ಬಹುಶಃ ಈ ಪುಸ್ತಕ ನಮ್ಮನ್ನು ಅಲ್ಲಾಡಿಸಿದ್ದು ಅಲ್ಲೇ.

ಕತೆ ಹೀಗಿದೆ. ಟ್ರಿನಿಟಿ ಎಂಬ ಗಂಡುಹುಡುಗರ ಕ್ಯಾಥೊಲಿಕ್ ಪ್ರೌಢಶಾಲೆ. ಮುಖ್ಯೋಪಾಧ್ಯಾಯರು ಕಾಯಿಲೆ ಮಲಗಿದ್ದಾರೆ, ಅಧಿಕಾರ ಬ್ರದರ್ ಲಿಯೋನ್ ಕೈಯಲ್ಲಿದೆ. ಅವರು ಆ ವರ್ಷ 20,000 ಡಬ್ಬಿ ಚಾಕೊಲೇಟ್ ತರಿಸಿಬಿಡುತ್ತಾರೆ. ಹಿಂದಿನ ವರ್ಷಕ್ಕಿಂತ ಎರಡು ಪಟ್ಟು, ಬೆಲೆಯೂ ಎರಡು ಪಟ್ಟು. ತಲೆಗೆ 50 ಡಬ್ಬಿ. ಶಾಲೆಯಲ್ಲಿ 'ವಿಜಿಲ್ಸ್' ಎಂಬ ಹುಡುಗರ ಗುಪ್ತ ಕೂಟವಿದೆ. ಅದರ ತಲೆ ಆರ್ಚಿ ಕಾಸ್ಟೆಲ್ಲೊ. ಯಾರಿಗೆ ಯಾವ ತಂಟೆಯ ಕೆಲಸ ಒಪ್ಪಿಸಬೇಕೆಂದು ತೀರ್ಮಾನಿಸುವವನು ಅವನೇ. ಅವನ ಕೈ ಕಟ್ಟಲು ಒಂದೇ ನಿಯಮ: ಪ್ರತಿ ಸಲ ಕೆಲಸ ಒಪ್ಪಿಸುವಾಗ ಅವನು ಪೆಟ್ಟಿಗೆಯೊಳಗೆ ಕೈ ಹಾಕಿ ಗೋಲಿ ತೆಗೆಯಬೇಕು. ಐದು ಬಿಳಿ, ಒಂದು ಕರಿ. ಕರಿ ಬಂದರೆ ಆ ಕೆಲಸ ಅವನೇ ಮಾಡಬೇಕು. ಅವನಿಗೆ ಎಂದೂ ಕರಿ ಬರುವುದಿಲ್ಲ.

ಹೊಸ ಹುಡುಗ ಜೆರ್ರಿಗೆ ಬಂದ ಆಜ್ಞೆ: ಹತ್ತು ದಿನ ಚಾಕೊಲೇಟ್ ಮಾರಲು ಒಪ್ಪಬಾರದು. ತಾಯಿ ತೀರಿಹೋಗಿ ಹೆಚ್ಚು ದಿನವಾಗಿಲ್ಲದ ಹುಡುಗ ಅವನು. ದಿನವೂ ತರಗತಿಯಲ್ಲಿ ಹೆಸರು ಕೂಗುತ್ತಾರೆ, ಅವನು ದಿನವೂ ಇಲ್ಲ ಎನ್ನುತ್ತಾನೆ. ಹತ್ತು ದಿನ ಮುಗಿಯುತ್ತದೆ. ಹನ್ನೊಂದನೆಯ ದಿನವೂ ಅವನು ಇಲ್ಲ ಎನ್ನುತ್ತಾನೆ. ಈ ಸಲ ಯಾರೂ ಹೇಳಿಕೊಟ್ಟದ್ದಲ್ಲ. ಅಲ್ಲಿಂದ ಮುಂದೆ ಶಿಕ್ಷಕರೂ ಕೂಟವೂ ಒಂದಾಗಿ ಒಬ್ಬ ಹುಡುಗನನ್ನು ಅರೆಯುವ ಕತೆ. ಕೊನೆಗೆ ಇಡೀ ಶಾಲೆ ಟಿಕೆಟ್ ಕೊಂಡು ನೋಡುವ ಹೊಡೆದಾಟದಲ್ಲಿ ಜೆರ್ರಿಯ ದವಡೆ ಮುರಿಯುತ್ತದೆ. ಅವನು ಗೆಳೆಯನಿಗೆ ಹೇಳಲು ಬಯಸುವುದು ಇಷ್ಟೇ: ಎದುರು ಹೋಗಬೇಡ, ಅವರು ಹೇಳಿದ್ದನ್ನು ಮಾಡಿಬಿಡು. ಆರ್ಚಿಗೆ ಶಿಕ್ಷೆಯಾಗುವುದಿಲ್ಲ. ಲಿಯೋನ್‌ಗೂ ಆಗುವುದಿಲ್ಲ.

ಕಾರ್ಮಿಯರ್ ಇದನ್ನು ಬರೆಯುವಾಗ ಇಂಥ ವಯಸ್ಸಿನವರಿಗೆ ಎಂದು ಅಂದುಕೊಂಡಿರಲಿಲ್ಲ. ಇದು ಹದಿಹರೆಯದವರ ಕಾದಂಬರಿ ಎಂದವರು ಅವರ ಏಜೆಂಟ್. ಹಸ್ತಪ್ರತಿ ಒಬ್ಬ ಪ್ರಕಾಶಕರಿಂದ ಇನ್ನೊಬ್ಬರಿಗೆ ತಿರುಗಿತು. ಕತೆ ಚೆನ್ನಾಗಿದೆ, ಕೊನೆ ಬದಲಿಸಿ ಎಂದರು. ಬದಲಿಸಿದರೆ ಒಳ್ಳೆಯ ಹಣ, ಒಳ್ಳೆಯ ಪ್ರಚಾರ ಎಂದವರೂ ಇದ್ದರು. ನಾಲ್ಕು ಮಕ್ಕಳ ಅಪ್ಪ, ಪತ್ರಿಕೆಯ ಸಂಬಳ. ಆದರೂ ಅವರು ಒಪ್ಪಲಿಲ್ಲ. 1974ರಲ್ಲಿ ಪ್ಯಾಂಥಿಯನ್ ಸಂಸ್ಥೆ ಇದ್ದ ಹಾಗೆಯೇ ಅಚ್ಚು ಹಾಕಿತು.

ಬಂದ ಅಭಿಪ್ರಾಯಗಳು ಎರಡು ತುದಿಯವು. 'ನ್ಯೂಯಾರ್ಕ್ ಟೈಮ್ಸ್' ಹೊಗಳಿತು. ಗ್ರಂಥಪಾಲಕರು ಪುಸ್ತಕ ಆರಿಸಲು ನೆಚ್ಚುವ 'ಬುಕ್‌ಲಿಸ್ಟ್' ಪತ್ರಿಕೆ ವಿಮರ್ಶೆಯ ಸುತ್ತ ಕಪ್ಪು ಚೌಕಟ್ಟು ಹಾಕಿತು, ಸಾವಿನ ಸುದ್ದಿಗೆ ಹಾಕುತ್ತಾರಲ್ಲ, ಹಾಗೆ. ಪುಟ ಕಟ್ಟಿ ಅಭ್ಯಾಸವಿರುವ ನಮಗೆ ಆ ಚೌಕಟ್ಟಿನ ಅರ್ಥ ಬೇರೆ ಯಾರೂ ಹೇಳಬೇಕಾಗಿಲ್ಲ. ಒಂದು ಕಾದಂಬರಿ ಮಕ್ಕಳ ಭರವಸೆಯನ್ನು ಕೊಂದಿತು ಎಂದು ದೊಡ್ಡವರು ಹಾಕಿದ ಶ್ರದ್ಧಾಂಜಲಿ ಅದು.

ಇಲ್ಲಿ ಸ್ವಲ್ಪ ನಿಂತು ಹಿಂದಕ್ಕೆ ಹೋಗಬೇಕು. ಮಕ್ಕಳ ಕಾದಂಬರಿಯ ಬಗ್ಗೆ ಅಭಿಪ್ರಾಯ ಹೇಳುವ ಹಕ್ಕು ಯಾರದು ಎಂಬ ಪ್ರಶ್ನೆ ಕಾರ್ಮಿಯರ್‌ಗಿಂತ ಬಹಳ ಮೊದಲೇ ಅದೇ ರಾಜ್ಯದಲ್ಲಿ ಎದ್ದಿತ್ತು. 1868ರಲ್ಲಿ ಬಾಸ್ಟನ್ನಿನ ಪ್ರಕಾಶಕ ಥಾಮಸ್ ನೈಲ್ಸ್, ಹುಡುಗಿಯರಿಗಾಗಿ ಒಂದು ಕತೆ ಬರೆದುಕೊಡಿ ಎಂದು ಲೂಯಿಸಾ ಮೇ ಆಲ್ಕಾಟ್ ಅವರ ಬೆನ್ನು ಬಿದ್ದಿದ್ದರು. ಆಲ್ಕಾಟ್‌ಗೆ ಮನಸ್ಸಿರಲಿಲ್ಲ. ಒತ್ತಾಯಕ್ಕೆ ಬರೆದು ಹನ್ನೆರಡು ಅಧ್ಯಾಯ ಕಳಿಸಿದರು. ನೈಲ್ಸ್‌ಗೆ ಸಪ್ಪೆ ಎನಿಸಿತು. ಬರೆದವರಿಗೂ ಸಪ್ಪೆ ಎಂದೇ ಅನಿಸಿತ್ತು. ಆಮೇಲೆ ನೈಲ್ಸ್ ಅದನ್ನು ತಮ್ಮ ಸೋದರ ಸಂಬಂಧದ ಹುಡುಗಿಗೆ ಕೊಟ್ಟರು, ಇನ್ನೂ ಕೆಲವು ಹುಡುಗಿಯರಿಗೆ ಓದಿಸಿದರು. ಅವರು ಬಿಡದೆ ಓದಿ ಬಹಳ ಚೆನ್ನಾಗಿದೆ ಎಂದರು. ಇದು ಬರೆದದ್ದೇ ಅವರಿಗಾಗಿ, ಹಾಗಾಗಿ ಅವರ ತೀರ್ಮಾನವೇ ತೀರ್ಮಾನ ಎಂಬ ಅರ್ಥದಲ್ಲಿ ಆಲ್ಕಾಟ್ ದಿನಚರಿಯಲ್ಲಿ ಬರೆದುಕೊಂಡರು. 'ಲಿಟ್ಲ್ ವಿಮೆನ್' ಹೊರಬಂದದ್ದು ಹಾಗೆ. ಇಬ್ಬರು ಅನುಭವಿ ದೊಡ್ಡವರು ಬದಿಗಿಡಬಹುದಾಗಿದ್ದ ಪುಸ್ತಕವನ್ನು ಕೆಲವು ಹುಡುಗಿಯರು ಉಳಿಸಿದರು.

ಆದರೆ ಅದೇ ಹುಡುಗಿಯರ ಜೊತೆ ಆಲ್ಕಾಟ್‌ಗೆ ಆಮೇಲೆ ಜಗಳವೂ ಆಯಿತು. ಮೊದಲ ಭಾಗ ಓದಿದವರಿಂದ ಪತ್ರಗಳು ಬಂದವು: ಜೋ ಯಾರನ್ನು ಮದುವೆಯಾಗುತ್ತಾಳೆ? ಲಾರಿಯನ್ನೇ ತಾನೇ? ಹೆಣ್ಣಿನ ಬದುಕಿಗೆ ಮದುವೆ ಬಿಟ್ಟರೆ ಬೇರೆ ಗುರಿಯೇ ಇಲ್ಲವೇ ಎಂದು ಆಲ್ಕಾಟ್ ರೇಗಿದರು. ಯಾರನ್ನು ಮೆಚ್ಚಿಸಲಿಕ್ಕೂ ಜೋಳನ್ನು ಲಾರಿಗೆ ಕೊಡುವುದಿಲ್ಲ ಎಂದು ಹಟ ಹಿಡಿದರು. 1869ರಲ್ಲಿ ಎರಡನೆಯ ಭಾಗ ಬಂದಾಗ ಜೋ ತನಗಿಂತ ಬಹಳ ದೊಡ್ಡ ವಯಸ್ಸಿನ ಜರ್ಮನ್ ಪ್ರೊಫೆಸರನ್ನು ಮದುವೆಯಾದಳು. ಓದುಗರ ಮುನಿಸು ಇನ್ನೂ ತೀರಿಲ್ಲ. ನಮ್ಮ ಬಳಗದಲ್ಲೇ ಇಬ್ಬರು ಮಹಿಳೆಯರು ಇವತ್ತಿಗೂ ಆ ಪ್ರೊಫೆಸರನನ್ನು ಕ್ಷಮಿಸಿಲ್ಲ. ಚಿಕ್ಕ ಓದುಗರು ಹೇಳಿದ್ದೆಲ್ಲ ಸರಿ ಎಂದು ನಾವು ವಾದಿಸುತ್ತಿಲ್ಲ. ಅವರು ಹೇಳಿದ್ದು ಲೇಖಕಿಯ ಕಿವಿಗೆ ಬಿತ್ತು, ಲೇಖಕಿ ಕೇಳಿಸಿಕೊಂಡೇ ತಿರಸ್ಕರಿಸಿದರು. ಕೇಳದೇ ಇರುವುದಕ್ಕಿಂತ ಅದು ಬೇರೆ.

ಆಲ್ಕಾಟ್ ಕುಟುಂಬದ ಊರು ಕಾನ್ಕರ್ಡ್. ಅದೇ ಊರಿನ ಸಾರ್ವಜನಿಕ ಗ್ರಂಥಾಲಯದ ಸಮಿತಿ 1885ರ ಮಾರ್ಚ್‌ನಲ್ಲಿ ಮಾರ್ಕ್ ಟ್ವೇನ್‌ರ 'ಹಕಲ್‌ಬರಿ ಫಿನ್' ನಮಗೆ ಬೇಡ ಎಂದು ತೀರ್ಮಾನಿಸಿತು. ಒರಟು ಭಾಷೆ, ಕೀಳು ಅಭಿರುಚಿ ಎಂಬುದು ಕಾರಣ. ಟ್ವೇನ್‌ಗೆ ಖುಷಿಯೋ ಖುಷಿ. ಇದರಿಂದ ಇನ್ನೂ 25,000 ಪ್ರತಿ ಖಂಡಿತ ಖರ್ಚಾಗುತ್ತವೆ ಎಂದು ಲೆಕ್ಕ ಹಾಕಿದರು. ಇಪ್ಪತ್ತು ವರ್ಷದ ನಂತರ, 1905ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಗ್ರಂಥಾಲಯದ ಮಕ್ಕಳ ಕೋಣೆಯಿಂದ ಅದನ್ನು ಹೊರಗಿಟ್ಟರು. ವಿಷಯ ತಿಳಿಸಿದ ಗ್ರಂಥಪಾಲಕರಿಗೆ ಟ್ವೇನ್ ಚುಚ್ಚಿ ಉತ್ತರಿಸಿದರು: ನಾನು ಅದನ್ನು ಬರೆದದ್ದೇ ದೊಡ್ಡವರಿಗೆ, ಮಕ್ಕಳ ಮನಸ್ಸು ಕೆಡುವ ಮಾತು ಬಂದರೆ ನನ್ನದು ಕೆಟ್ಟದ್ದು ಚಿಕ್ಕಂದಿನಲ್ಲಿ ಇಡೀ ಬೈಬಲನ್ನು ಓದಿಸಿದ್ದರಿಂದ, ಎಂಬರ್ಥದಲ್ಲಿ. ಈ ಎರಡೂ ಪ್ರಸಂಗದಲ್ಲಿ ಸಮಿತಿಯ ಮಾತು ದಾಖಲಾಗಿದೆ, ಲೇಖಕರ ಮಾತು ದಾಖಲಾಗಿದೆ. ಆ ಕಪಾಟಿನ ಮುಂದೆ ಬಂದು ಪುಸ್ತಕ ಇಲ್ಲದ್ದು ಕಂಡು ಹಿಂತಿರುಗಿದ ಹುಡುಗ ಏನೆಂದುಕೊಂಡನೋ ಅದಕ್ಕೆ ದಾಖಲೆ ಇಲ್ಲ.

ಮುಂದೆ ಅಮೆರಿಕದ ಗ್ರಂಥಾಲಯಗಳಲ್ಲಿ ಹದಿಹರೆಯದವರಿಗೆ ಬೇರೆಯೇ ಕಪಾಟು ಬಂತು. ಮಕ್ಕಳ ಕಪಾಟಿಗೂ ದೊಡ್ಡವರ ಕಪಾಟಿಗೂ ನಡುವೆ. ಅದಕ್ಕೆ ತಕ್ಕ ಪುಸ್ತಕಗಳು ಆಗ ಇನ್ನೂ ಕಡಿಮೆ. ನೃತ್ಯಕೂಟಕ್ಕೆ ಯಾರ ಜೊತೆ ಹೋಗುವುದು ಎಂಬ ಚಿಂತೆಯ ಕತೆಗಳೇ ಹೆಚ್ಚು. ಒಕ್ಲಹೋಮದ ಟಲ್ಸಾ ಊರಿನ ಪ್ರೌಢಶಾಲೆಯಲ್ಲಿದ್ದ ಎಸ್. ಇ. ಹಿಂಟನ್ ಎಂಬ ಹುಡುಗಿಗೆ ಇದು ಸಾಕಾಯಿತು. ತಮ್ಮ ಶಾಲೆಯ ಬಡ ಹುಡುಗರ ಗುಂಪು, ಸ್ಥಿತಿವಂತ ಹುಡುಗರ ಗುಂಪು ಹೊಡೆದಾಡುವುದನ್ನು ಆಕೆ ಕಂಡಿದ್ದಳು. ಅದನ್ನೇ ಬರೆಯತೊಡಗಿದಳು, ಆಗ ವಯಸ್ಸು ಹದಿನೈದು. 1967ರಲ್ಲಿ 'ದ ಔಟ್‌ಸೈಡರ್ಸ್' ಹೊರಬಂದಾಗ ಹದಿನೆಂಟು. ಬರೆದದ್ದು ಹುಡುಗಿ ಎಂದು ತಿಳಿದರೆ ವಿಮರ್ಶಕರು ಬದಿಗೆ ಸರಿಸಿಯಾರು ಎಂದು ಪ್ರಕಾಶಕರು ಇನಿಷಿಯಲ್ ಮಾತ್ರ ಹಾಕಿದರು. ಬರೆಯುತ್ತಿದ್ದ ವರ್ಷ ಶಾಲೆಯಲ್ಲಿ ಆಕೆಗೆ ಸೃಜನಶೀಲ ಬರವಣಿಗೆಯಲ್ಲಿ ಸಿಕ್ಕ ಗ್ರೇಡ್ 'ಡಿ'!

ಹಿಂಟನ್ ಪುಸ್ತಕದ ಬಗ್ಗೆ ನಮಗೆ ಬಹಳ ಇಷ್ಟವಾದ ಸಂಗತಿ 1980ರದು. ಕ್ಯಾಲಿಫೋರ್ನಿಯಾದ ಫ್ರೆಸ್ನೊ ಬಳಿಯ ಲೋನ್ ಸ್ಟಾರ್ ಎಂಬ ಸಣ್ಣ ಶಾಲೆಯ ಮಕ್ಕಳು, ತಮ್ಮ ಗ್ರಂಥಪಾಲಕಿಯ ಮೂಲಕ, ಚಿತ್ರ ನಿರ್ದೇಶಕ ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾಗೆ ಪತ್ರ ಕಳಿಸಿದರು. ನಮಗೆಲ್ಲ ಈ ಪುಸ್ತಕ ಇಷ್ಟ, ಇದನ್ನು ನೀವು ಸಿನಿಮಾ ಮಾಡಿ ಎಂದು ಸಹಿ ಹಾಕಿದ ಮನವಿ. ಕೊಪ್ಪೊಲಾ ಬೆಂಬಲದಿಂದ ಬಂದಿದ್ದ ಕುದುರೆಯ ಚಿತ್ರ 'ದ ಬ್ಲ್ಯಾಕ್ ಸ್ಟಾಲಿಯನ್' ಆ ಮಕ್ಕಳಿಗೆ ಹಿಡಿಸಿತ್ತು, ಅಷ್ಟೇ ಅವರ ಲೆಕ್ಕ. 1983ರಲ್ಲಿ ಸಿನಿಮಾ ಬಂತು. ಅದನ್ನು ಆ ಶಾಲೆಗೇ ಅರ್ಪಿಸಿದ್ದಾರೆ. ಮನವಿ ಪತ್ರಗಳು ತಹಶೀಲ್ದಾರರ ಮೇಜಿನ ಮೇಲೆ ಏನಾಗುತ್ತವೆ ಎಂದು ದಿನಾ ನೋಡುವ ನಮಗೆ ಇದು ಪವಾಡದ ಹಾಗೆ ಕಾಣುತ್ತದೆ.

ಈಗ ಮತ್ತೆ ಚಾಕೊಲೇಟಿಗೆ ಬರೋಣ. 1980ರಲ್ಲಿ ಅಮೆರಿಕದ ಗ್ರಂಥಪಾಲಕರ ಪತ್ರಿಕೆಯೊಂದರಲ್ಲಿ ನಾರ್ಮಾ ಬ್ಯಾಗ್ನಲ್ ಎಂಬವರು ಲೇಖನ ಬರೆದರು. ಈ ಕಾದಂಬರಿ ವಾಸ್ತವ ಎಂದು ಹೇಳುತ್ತೀರಲ್ಲ, ಯಾವ ವಾಸ್ತವ? ಕೆಟ್ಟದ್ದು ಮಾತ್ರ ಇದೆ. ಒಬ್ಬ ಒಳ್ಳೆಯ ದೊಡ್ಡವರಿಲ್ಲ, ಸಹಾಯಕ್ಕೆ ಬರುವ ಗೆಳೆಯನಿಲ್ಲ. ನಿಜವಾದ ಲೋಕದಲ್ಲಿ ಇವೂ ಇರುತ್ತವೆ, ಅರ್ಧ ಲೋಕವನ್ನು ತೋರಿಸಿ ಪೂರ್ತಿ ಎನ್ನಬೇಡಿ ಎಂಬುದು ಅವರ ವಾದ. ಬೆಟ್ಟಿ ಕಾರ್ಟರ್, ಕರೆನ್ ಹ್ಯಾರಿಸ್ ಎಂಬ ಇಬ್ಬರು ಅದೇ ವರ್ಷ ಅದೇ ಪತ್ರಿಕೆಯಲ್ಲಿ ಕಾದಂಬರಿಯ ಪರ ನಿಂತು ಉತ್ತರ ಕೊಟ್ಟರು. ಮರುವರ್ಷ ಆ್ಯನ್ ಸ್ಕಾಟ್ ಮೆಕ್ಲಿಯೋಡ್ ಎಂಬ ವಿದ್ವಾಂಸೆ ಇನ್ನೊಂದು ದಾರಿ ತೋರಿಸಿದರು: ಇದು ಹುಡುಗರ ಮನಸ್ಸಿನ ಕತೆಗಿಂತ ಅಧಿಕಾರದ ಕತೆ, ರಾಜಕೀಯದ ಕತೆ. ಪುಸ್ತಕ ಬಂದ ವರ್ಷವೇ ಅಮೆರಿಕದ ಅಧ್ಯಕ್ಷ ನಿಕ್ಸನ್ ವಾಟರ್‌ಗೇಟ್ ಹಗರಣದಲ್ಲಿ ಕುರ್ಚಿ ಬಿಟ್ಟದ್ದು ಎಂಬುದನ್ನು ಮರೆಯಬಾರದು.

ಬ್ಯಾಗ್ನಲ್ ಅವರ ಮಾತನ್ನು ಸುಲಭಕ್ಕೆ ತಳ್ಳಿಹಾಕಲು ನಮಗೆ ಆಗಲಿಲ್ಲ. ಮಗಳಿಗೆ ಕೊಡುವುದಿಲ್ಲ ಎಂದ ನಮ್ಮ ಗೆಳೆಯರ ಕಾರಣವೂ ಅದೇ. ನಮ್ಮೂರ ಶಾಲೆಗಳಲ್ಲಿ ಕಟುಕ ಮೇಷ್ಟರಿದ್ದ ಕಡೆ ಕಿಟಕಿಯಲ್ಲಿ ಕರೆದು ನೀರು ಕೊಡುವ ಇನ್ನೊಬ್ಬ ಮೇಷ್ಟರೂ ಇದ್ದರು. ಆದರೆ ಪುಸ್ತಕವನ್ನು ಎರಡನೆಯ ಸಲ ನೋಡಿದಾಗ ಒಂದು ಕಂಡಿತು. ಹೊಡೆದಾಟ ಮಿತಿ ಮೀರಿದಾಗ ಬ್ರದರ್ ಜಾಕ್ ಎಂಬ ಶಿಕ್ಷಕ ಮೈದಾನದ ದೀಪ ಆರಿಸುತ್ತಾರೆ. ಒಳ್ಳೆಯ ದೊಡ್ಡವರು ಇಲ್ಲದೇ ಇಲ್ಲ, ತಡವಾಗಿ ಬರುತ್ತಾರೆ, ಅಷ್ಟೇ. ಬಂದರೂ ಮೇಲಿನವರನ್ನು ಮುಟ್ಟುವುದಿಲ್ಲ. ಅಪರಾಧ ಸುದ್ದಿ ಬರೆದು ಬರೆದು ನಮಗೆ ಈ ತಡ ಬಹಳ ಪರಿಚಿತ. ಹಾಗಾಗಿ ನಮ್ಮ ಮತ ಕಾರ್ಮಿಯರ್ ಕಡೆಗೇ, ಆದರೆ ಎಂಟು ಒಂಬತ್ತು ವರ್ಷದ ಮಗುವಿಗೆ ಈ ಪುಸ್ತಕ ಕೊಡಿ ಎಂದು ನಾವೂ ಹೇಳುವುದಿಲ್ಲ. ಅಲ್ಲಿ ಎಂಟರಿಂದ ಹನ್ನೆರಡರವರಿಗೆ ಒಂದು ಕಪಾಟು, ಅದರ ಮೇಲಿನವರಿಗೆ ಇನ್ನೊಂದು ಕಪಾಟು ಎಂದು ಮಾಡಿದ್ದಕ್ಕೆ ಅರ್ಥವಿದೆ. ಕನ್ನಡದಲ್ಲಿ ನಾವು ಎಲ್ಲವನ್ನೂ 'ಮಕ್ಕಳ ಸಾಹಿತ್ಯ' ಎಂಬ ಒಂದೇ ಗೋಣಿಗೆ ತುಂಬುತ್ತೇವೆ.

ದೊಡ್ಡವರ ಅಭಿಪ್ರಾಯ ಲೇಖನದಲ್ಲೇ ನಿಲ್ಲಲಿಲ್ಲ. 1986ರಲ್ಲಿ ಫ್ಲಾರಿಡಾದ ಪನಾಮ ಸಿಟಿಯಲ್ಲಿ, ಆಮಿಯ ನಂಬರ್ ಇದ್ದ 'ಐ ಆ್ಯಮ್ ದ ಚೀಸ್' ಬಗ್ಗೆ ಒಬ್ಬ ವಿದ್ಯಾರ್ಥಿನಿಯ ಅಜ್ಜಿ ದೂರು ಕೊಟ್ಟರು. ಶಿಕ್ಷಣಾಧಿಕಾರಿ ಪುಸ್ತಕವನ್ನು ತರಗತಿಯಿಂದ ತೆಗೆಸಿದರು. ಶಿಕ್ಷಕಿಯರು ಪೋಷಕರನ್ನೇ ಕೇಳಿದರು. ಬಹುಪಾಲು ಪೋಷಕರು ಓದಿಸಿ ಎಂದರು. ಅದರಿಂದ ಏನೂ ಆಗಲಿಲ್ಲ. ಶಿಕ್ಷಕಿಯರಿಗೆ, ಅದನ್ನು ವರದಿ ಮಾಡುತ್ತಿದ್ದ ಟಿವಿ ವರದಿಗಾರ್ತಿಗೆ, ಪತ್ರಿಕೆಯಿಂದ ಅಕ್ಷರ ಕತ್ತರಿಸಿ ಅಂಟಿಸಿದ ಕೊಲೆ ಬೆದರಿಕೆಗಳು ಬಂದವು. ವರದಿಗಾರ್ತಿಯ ಮನೆಗೆ ಬೆಂಕಿ ಹಚ್ಚಿದರು. 1987ರಲ್ಲಿ ಅದೇ ಅಧಿಕಾರಿ ಪುಸ್ತಕಗಳಲ್ಲಿ ಕೆಟ್ಟ ಮಾತು ಎಷ್ಟಿದೆ ಎಂದು ವರ್ಗ ಮಾಡಿ 64 ಕೃತಿಗಳನ್ನು ಪಾಠದಿಂದ ಹೊರಗಿಟ್ಟರು. ಅದರಲ್ಲಿ ಶೇಕ್ಸ್‌ಪಿಯರನ ನಾಟಕಗಳೂ ಸೇರಿದ್ದವು! ವಿದ್ಯಾರ್ಥಿಗಳು, ಪೋಷಕರು, ಶಿಕ್ಷಕರು ಒಟ್ಟಾಗಿ ಕೋರ್ಟಿಗೆ ಹೋದರು. ದಾವೆಗೆ ಮೊದಲ ಹೆಸರು ಒಬ್ಬ ವಿದ್ಯಾರ್ಥಿನಿಯದು. ಕಾನ್ಕರ್ಡಿನ ಕಪಾಟಿನ ಮುಂದೆ ಮಾತಿಲ್ಲದೆ ನಿಂತಿದ್ದ ಮಗು ನೂರು ವರ್ಷದ ಮೇಲೆ ವಕಾಲತ್ತಿಗೆ ಸಹಿ ಹಾಕಿತು ಎಂದು ನಮಗನಿಸಿತು.

'ಚಾಕೊಲೇಟ್ ವಾರ್'ನ ದಾಖಲೆಯೂ ಕಡಿಮೆಯಿಲ್ಲ. ಅಮೆರಿಕದ ಗ್ರಂಥಾಲಯ ಸಂಘ, ಯಾವ ಪುಸ್ತಕ ತೆಗೆಯಿರಿ ಎಂಬ ದೂರು ಹೆಚ್ಚು ಬರುತ್ತದೆ ಎಂದು ಪಟ್ಟಿ ಮಾಡುತ್ತದೆ. 1990ರ ದಶಕದ ಪಟ್ಟಿಯಲ್ಲಿ ಇದು ನಾಲ್ಕನೆಯದು, ಮುಂದಿನ ದಶಕದಲ್ಲಿ ಮೂರನೆಯದು, 2004ರಲ್ಲಿ ಮೊದಲನೆಯದು. ಅದೇ ಸಂಘದ ಹದಿಹರೆಯದವರ ವಿಭಾಗ 1991ರಲ್ಲಿ ಇದೇ ಪುಸ್ತಕವನ್ನೂ ಸೇರಿಸಿ ಕಾರ್ಮಿಯರ್‌ಗೆ ಮಾರ್ಗರೆಟ್ ಎಡ್ವರ್ಡ್ಸ್ ಪ್ರಶಸ್ತಿ ಕೊಟ್ಟಿತು. ಆ ಪ್ರಶಸ್ತಿ ಮೊದಲು ಸಿಕ್ಕಿದ್ದು ಹಿಂಟನ್‌ಗೆ, 1988ರಲ್ಲಿ.

ಹಾಗಾದರೆ ಓದಿದ ಮಕ್ಕಳು ಏನೆಂದರು? ಅವರಲ್ಲೂ ಒಮ್ಮತವಿರಲಿಲ್ಲ. ಆದರೆ ಪತ್ರ ಬರೆದವರು, ಫೋನ್ ಮಾಡಿದವರು ಕೇಳಿದ್ದು ದೊಡ್ಡವರ ಪ್ರಶ್ನೆಯನ್ನಲ್ಲ. ಇಂಥದ್ದು ಯಾಕೆ ಬರೆದಿರಿ ಎನ್ನುವುದಕ್ಕಿಂತ, ಮುಂದೆ ಏನಾಯಿತು ಎಂಬುದೇ ಅವರಿಗೆ ಬೇಕಿತ್ತು. ಜೆರ್ರಿ ಏನಾದ, ಆರ್ಚಿಗೆ ಕೊನೆಗೂ ಬುದ್ಧಿ ಕಲಿಸಿದರಾ? ಈ ಕೇಳಿಕೆಗಳು ನಿಲ್ಲದ್ದರಿಂದಲೇ ಹನ್ನೊಂದು ವರ್ಷದ ಮೇಲೆ, 1985ರಲ್ಲಿ, 'ಬಿಯಾಂಡ್ ದ ಚಾಕೊಲೇಟ್ ವಾರ್' ಬಂತು. ಅದರಲ್ಲೂ ಕಾರ್ಮಿಯರ್ ಸುಖಾಂತ್ಯ ಕೊಡಲಿಲ್ಲ. ಸ್ವಲ್ಪ ಸಮಾಧಾನ ಕೊಟ್ಟದ್ದು 1988ರ ಸಿನಿಮಾ. ಅಲ್ಲಿ ಕೊನೆಗೆ ಆರ್ಚಿಯ ಕೈಗೆ ಕರಿ ಗೋಲಿ ಬರುತ್ತದೆ. ಅಖಾಡಕ್ಕೆ ಅವನೇ ಇಳಿಯಬೇಕಾಗುತ್ತದೆ, ಜೆರ್ರಿ ಅವನನ್ನು ಹೊಡೆದು ಗೆಲ್ಲುತ್ತಾನೆ. ಗೆದ್ದ ಮೇಲೆ, ತಾನೂ ಅವರ ಆಟವನ್ನೇ ಆಡಿಬಿಟ್ಟೆ ಎಂದು ಅವನಿಗೆ ಅರಿವಾಗುತ್ತದೆ. ಪ್ರಕಾಶಕರು 1970ರ ದಶಕದಲ್ಲಿ ಕೇಳಿದ್ದ ಬದಲಾವಣೆ ಒಂದು ರೀತಿಯಲ್ಲಿ ತೆರೆಯ ಮೇಲೆ ಆಯಿತು.

ಇಷ್ಟೆಲ್ಲ ಓದುವಾಗ ನಮ್ಮ ಹಳೆ ಕ್ಲಿಪ್ಪಿಂಗ್‌ಗಳನ್ನು ತೆಗೆದು ನೋಡಿದೆವು. 2020ರ ಕೊನೆಗೆ 'ಓದುವ ಬೆಳಕು' ಕಾರ್ಯಕ್ರಮ ಶುರುವಾಗಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಮಕ್ಕಳನ್ನು ಉಚಿತವಾಗಿ ಸದಸ್ಯರನ್ನಾಗಿ ಮಾಡಿಕೊಂಡಾಗ ನಾವೆಲ್ಲ ಸುದ್ದಿ ಮಾಡಿದ್ದೆವು. ಎಷ್ಟು ಮಕ್ಕಳು ಸೇರಿದರು, ದೀಪ ಬೆಳಗಿದವರು ಯಾರು, ಪುಸ್ತಕ ದಾನ ಕೊಟ್ಟವರು ಯಾರು, ಎಲ್ಲ ಇದೆ. ಮಕ್ಕಳ ಫೋಟೋ ಇದೆ, ಕೈಯಲ್ಲಿ ಪುಸ್ತಕ ಹಿಡಿದು ಸಾಲಾಗಿ ನಿಂತಿದ್ದಾರೆ. ಆ ಪುಸ್ತಕ ಹೇಗಿತ್ತು ಎಂದು ಒಂದು ಮಗುವನ್ನೂ ಕೇಳಿದ ಸಾಲು ನಮ್ಮ ಯಾರ ಕಾಪಿಯಲ್ಲೂ ಇಲ್ಲ. ಡೆಸ್ಕ್‌ನವರು ಕತ್ತರಿಸಿದರು ಎನ್ನೋಣವೆಂದರೆ ನಾವು ಬರೆದು ಕಳಿಸಿರಲೇ ಇಲ್ಲ. ನಾ. ಡಿಸೋಜ ಅವರ 'ಮುಳುಗಡೆಯ ಊರಿಗೆ ಬಂದವರು' ಕೃತಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತು. ಮುಳುಗಡೆಯ ಸೀಮೆಯ ಮಕ್ಕಳು ಅದನ್ನು ಓದಿ ಏನಂದರು ಎಂದು ಹೋಗಿ ಕೇಳಬಹುದಾಗಿತ್ತು, ಬಸ್ ಚಾರ್ಜಿನ ಮಾತು ಅಷ್ಟೇ.

ಹಾಗಾಗಿ ಕಳೆದ ತಿಂಗಳು ನಮ್ಮಲ್ಲೊಬ್ಬರು ತಮ್ಮೂರಿನ ಪಂಚಾಯಿತಿ ಗ್ರಂಥಾಲಯದಲ್ಲಿ ಎರಡು ಶನಿವಾರ ಕೂತು ಎಂಟು, ಒಂಬತ್ತನೆಯ ತರಗತಿಯ ಹನ್ನೊಂದು ಮಕ್ಕಳಿಗೆ 'ಚಾಕೊಲೇಟ್ ವಾರ್' ಕತೆಯನ್ನು ಬಾಯಲ್ಲಿ ಹೇಳಿದರು. ಇನ್ನಿಬ್ಬರು ಹಿಂದೆ ಕೂತು ಬರೆದುಕೊಂಡೆವು. ಸಿನಿಮಾದ ಮಾತು ಎತ್ತಲಿಲ್ಲ. ಕತೆ ಮುಗಿದಾಗ ಯಾರೂ ಅಳಲಿಲ್ಲ. ಒಬ್ಬಳು ಹುಡುಗಿ, ಇಷ್ಟೆಲ್ಲ ಆಗುವಾಗ ಅವರಪ್ಪ ಮನೆಯಲ್ಲಿ ಏನು ಮಾಡ್ತಿದ್ದರು ಎಂದು ಕೇಳಿದಳು. ಇನ್ನೊಬ್ಬನಿಗೆ ಜೆರ್ರಿಯ ಗೆಳೆಯನ ಮೇಲೇ ಸಿಟ್ಟು, ಹೊಡೆಸಿದ ಆರ್ಚಿಗಿಂತ ಹೆಚ್ಚು. ಒಬ್ಬನಿಗೆ ಕತೆಯೇ ಇಷ್ಟವಾಗಲಿಲ್ಲ. 50 ಡಬ್ಬಿ ತಾನೇ, ನಾನಾಗಿದ್ದರೆ ಜಾತ್ರೆಯಲ್ಲಿ ಒಂದೇ ದಿನಕ್ಕೆ ಮಾರಿ ಬರ್ತಿದ್ದೆ ಎಂದ. ಎಲ್ಲರೂ ನಕ್ಕರು.

ಹಿಂದಿನ ಬೆಂಚಿನ ಹುಡುಗನೊಬ್ಬ, ಕೊನೆಯಲ್ಲಿ ಆರ್ಚಿಗೆ ಕರಿ ಗೋಲಿ ಬರಬೇಕಿತ್ತು, ಅವನೇ ಜೆರ್ರಿ ಜೊತೆ ಹೊಡೆದಾಡಬೇಕಿತ್ತು ಎಂದ. ನಾವು ಬರೆದುಕೊಳ್ಳುವುದು ನಿಲ್ಲಿಸಿ ಅವನ ಮುಖ ನೋಡಿದೆವು. ಅಪ್ಪನ ಬಗ್ಗೆ ಕೇಳಿದ್ದ ಹುಡುಗಿ ತಿರುಗಿ, ಅಂಥವರಿಗೆ ಯಾವಾಗ ಬಂದಿದೆಯೋ ಕರಿ ಗೋಲಿ ಎಂದಳು. ಬರಬೇಕು ಎಂದ ಅವನು. ಬರಲ್ಲ ಎಂದಳು ಅವಳು. ಐದೂವರೆಗೆ ಗ್ರಂಥಪಾಲಕರು ಬಾಗಿಲು ಹಾಕಲು ಎದ್ದಾಗಲೂ ಇಬ್ಬರೂ ಮೆಟ್ಟಿಲ ಮೇಲೆ ನಿಂತು ಅದನ್ನೇ ಹೇಳುತ್ತಿದ್ದರು.